ಸ್ಕಿರ್ಮಾಂತೆ ಬಿಟ್ಟುಹೋದ ಸಾಲು

ಅವಳ ಕುರ್ಚಿಯ ಎತ್ತರ ನಾನಿನ್ನೂ ಬದಲಿಸಿಲ್ಲ.
ಕಾಲು ನೆಲಕ್ಕೆ ಪೂರಾ ತಾಗುವುದಿಲ್ಲ.
ಡ್ರಾಯರಿನಲ್ಲಿ ಅರ್ಧ ಪಟ್ಟಿ ತಲೆನೋವಿನ ಮಾತ್ರೆ,
ಒಂಟಿ ಕೈಗವಸು, ಹಲ್ಲಿನ ಡಾಕ್ಟರ ಚೀಟಿ:
ಮೂರು ಸಲ ಹೊಡೆದುಹಾಕಿ ಮುಂದೆ ಬರೆದ ತಾರೀಖು.

ವಿಲ್ನಿಯಸ್, ಏಳನೆಯ ಮಹಡಿ. ಕೆಳಗೆ ನೇರಿಸ್ ನದಿ
ಹೆಪ್ಪುಗಟ್ಟಲೋ ಬೇಡವೋ ಎಂದು ಅನುಮಾನಿಸುತ್ತಿದೆ.
ನಮ್ಮಲ್ಲಿ ಅನುಮಾನಕ್ಕೂ ಲೆಕ್ಕವುಂಟು.
ದಿನಕ್ಕೆ ನಲವತ್ತು, ಒಂದಕ್ಕೆ ಹನ್ನೊಂದು ನಿಮಿಷ.
ಉಳಿಯುವುದು ನಲವತ್ತು ನಿಮಿಷ,
ಊಟ, ಉಚ್ಚೆ, ಅಳು ಎಲ್ಲ ಸೇರಿ.
ಯಾರ ದುಡ್ಡು, ಎಲ್ಲಿಂದ, ಯಾಕೆ ಈ ಹೊತ್ತಿನಲ್ಲಿ?
ಕಳ್ಳನೋ ಸಂಭಾವಿತನೋ, ಬರೆ, ಮುಂದಿನದು ತೆಗೆ.

ಅಜ್ಜಿ ದೀಪದ ಕೆಳಗೆ ಬಟಾಣಿಯಲ್ಲಿ ಕಲ್ಲು ಆರಿಸುತ್ತಿದ್ದಳು,
ಒಂದು ಸಿಕ್ಕರೆ ನನಗೆ ತೋರಿಸಿ ನಗುತ್ತಿದ್ದಳು.
ನಾವು ಆರಿಸುವ ನೂರರಲ್ಲಿ ತೊಂಬತ್ತಾರು ಬಟಾಣಿಯೇ:
ಕ್ಲೈಪೇದಾದ ಮುದುಕನೊಬ್ಬ ದೋಣಿ ಮಾರಿದ,
ಯಾರಿಗೋ ಯಾರೋ ಸಾಲ ತೀರಿಸಿದರು.
ತಪ್ಪಿಹೋದ ಕಲ್ಲು ಯಾರದೋ ಹಲ್ಲಿಗೆ ಸಿಕ್ಕ ದಿನ ಮಾತ್ರ
ಆರಿಸಿದವರ ಹೆಸರು ಹುಡುಕುತ್ತಾರೆ.

ಅವಳ ಸಾಲು ಈಗ ನನ್ನದು.
ಹಳೆಯ ಟಿಪ್ಪಣಿಗಳನ್ನು ಬೇಕಾದ್ದಕ್ಕಿಂತ ಹಿಂದೆ ಹೋಗಿ ಓದುತ್ತೇನೆ.
ಜನವರಿ: "ಗ್ರಾಹಕ ಬಡಗಿ. ಚಳಿಗಾಲದಲ್ಲಿ ಕೆಲಸವಿಲ್ಲ,
ಹಿಮ ಕರಗಿದರೆ ಮೂರು ಪಟ್ಟು ಸಂಪಾದನೆ. ಸಹಜ."
ಜೂನ್: "ಸಂಬಳ. ಸಹಜ."
ಸೆಪ್ಟೆಂಬರ್: "ಸಹಜ."
ಅಕ್ಟೋಬರಿನಲ್ಲಿ ಒಂದು ಕಡೆ ಬರೀ "ಸ".
ಗುಣಮಟ್ಟದವರು ಅದಕ್ಕೆ ಎರಡು ಅಂಕ ಕಳೆದಿದ್ದಾರೆ.

ಆಮೇಲೆ ಇದು. ನವೆಂಬರ್ ನಾಲ್ಕು.
ಐದು ಹೆಂಗಸರು, ಐದು ಖಾತೆ, ಒಂದೇ ಫೋನ್ ನಂಬರು,
ಸ್ಟೇಷನ್ ಹಿಂದಿನ ಒಂದೇ ಬಾಡಿಗೆ ಮನೆ.
ಬೆಳಗಿನ ಜಾವ ನಾಲ್ಕಕ್ಕೆ ನಗದು ಬೀಳುತ್ತದೆ, ಆರಕ್ಕೆ ಖಾಲಿ.
ಕೊಟ್ಟ ಕಾರಣ: ಉಗುರು ಬಣ್ಣ.
ಇದೊಂದರ ಮೇಲೆ ಅವಳು ನಾಲ್ಕು ಗಂಟೆ ಕೂತಳು.
ಆ ದಿನ ಮುಗಿಸಿದ್ದು ಹದಿನೇಳು.
ಮರುದಿನ ವೀತೇನಿಸ್ ಗಾಜಿನ ಕೋಣೆಗೆ ಕರೆದ.
ನಾವೆಲ್ಲ ನೋಡಿದೆವು, ಏನೂ ಕೇಳಿಸಲಿಲ್ಲ.
ಅವನೇನು ಕೆಟ್ಟವನಲ್ಲ. ಅವನ ಕಣ್ಣ ಕೆಳಗೂ ಮಸಿ.
ಹಣ್ಣಿನ ಬುಟ್ಟಿ ತರಿಸಿದ,
ಬುಧವಾರ ಉಸಿರಾಟದ ತರಬೇತಿ ಇಡಿಸಿದ,
ಊಟದ ಹೊತ್ತಿನಲ್ಲಿ, ಹದಿನೈದು ನಿಮಿಷ.

ಅವಳ ಮೇಲ್ ಇನ್ನೂ ಹೇಳುತ್ತಲೇ ಇದೆ, ರಜೆಯಲ್ಲಿದ್ದೇನೆ ಎಂದು.

ಕಡತದ ಕೊನೆಯಲ್ಲಿ ಒಂದು ಪೂರ್ತಿ ವಾಕ್ಯ,
ಎಷ್ಟೋ ತಿಂಗಳ ಮೇಲೆ ಕರ್ತೃ, ಕರ್ಮ, ಕ್ರಿಯಾಪದ
ಮೂರೂ ಜಾಗದಲ್ಲಿದ್ದದ್ದು:
"ನಾನು ಇದನ್ನು ಮುಚ್ಚಿಲ್ಲ."

ಪರದೆಯ ಮೂಲೆಯಲ್ಲಿ ಗಡಿಯಾರ ಹಳದಿಯಾಯಿತು.
ಐದನೆಯವಳ ಹೆಸರು ದೊಯಿನಾ.
ಹುಟ್ಟಿದ ವರ್ಷ ನನ್ನ ತಂಗಿಯದೇ.
ಹತ್ತು. ಹನ್ನೊಂದು. ಕೆಂಪು.
ವೀತೇನಿಸ್ ತಲೆ ಎತ್ತಿ ಈ ಕಡೆ ನೋಡಿದ.

ಕುರ್ಚಿಯಡಿಯ ಹಿಡಿ ಎಳೆದು
ಕಾಲು ನೆಲಕ್ಕೆ ತಾಗುವವರೆಗೆ
ಕೆಳಗಿಳಿದೆ.