ಮೊದಲು ಗಾಳಿ

ಬ್ಲೋವರಿನ ಬಾಯಿ ಮೂರಿಂಚು, ಕೊಳವೆಯದು ಎರಡು.
ನಡುವೆ ಬೀಗತನ ಬೆಳೆಸಿದ್ದು
ಮೈಲೊ ಡಬ್ಬಿಯ ತಗಡು, ಎರಡು ಕ್ಲಿಪ್ಪು.
"ನಡೀತದೆ" ಎಂದ ಮರ್ವ್,
ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವನು.
ಅದರಾಚೆ ಅವನಲ್ಲಿ ಹೊಗಳಿಕೆಯಿಲ್ಲ.

ಬ್ಯಾಲರಾಟಿನ ಜುಲೈ. ಶೆಡ್ಡಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ.
ಹಳೇ ಪಿಕಪ್ಪಿನ ಸ್ಪ್ರಿಂಗ್ ಪಟ್ಟಿ ಕಾದಿದೆ
ಈಳಿಗೆಯಾಗಲು.
ಚಿತ್ರ ಬರೆದು ತೋರಿಸಿದ್ದೆ.
"ಕತ್ತಿ ನಿಂತಲ್ಲೇ ನಿಲ್ಲುವುದಾ? ಸೌತೆಕಾಯಿ ನಡೆದು ಬರುವುದಾ?"
ಒಂದು ವಾರ ಅದನ್ನೇ ಕೇಳಿದ.

ಮೊದಲು ಗಾಳಿ, ಆಮೇಲೆ ಗ್ಯಾಸು.
ಆರಿಸುವಾಗ ಮೊದಲು ಗ್ಯಾಸು, ಆಮೇಲೆ ಗಾಳಿ.
ತಪ್ಪಿದರೆ ಬೆಂಕಿ ಕೊಳವೆಯೊಳಗೇ ಹಿಂದಕ್ಕೆ ನಡೆಯುತ್ತದೆ.
ಮಗ್ಗಿಯಂತೆ ಮೂರು ಸಲ ಒಪ್ಪಿಸಿದೆ.

ಭಗ್ಗೆಂದು
ಹಳದಿ ನಾಲಿಗೆ ಹೊರಚಾಚಿ ನನ್ನ ಹುಬ್ಬು ಮೂಸಿತು.
ಗಾಳಿ ಸಾಲದು. ಇನ್ನಷ್ಟು. ಅಯ್ಯೋ, ಹೆಚ್ಚಾಯಿತು,
ಉಕ್ಕಿಗೆ ಹಕ್ಕಳೆ ಏಳುತ್ತದೆ, ಇಳಿಸು.
ಕಣ್ಣಲ್ಲಲ್ಲ ಮಾರಾಯ್ತಿ, ಕಿವಿಯಲ್ಲಿ ನೋಡು.

ಸದ್ದು ಕೊನೆಗೆ ಒಂದೇ ಎಳೆಗೆ ಬಂತು.
ಒಳಗೋಡೆ ಕಿತ್ತಳೆಯಾಯಿತು.
ಮರ್ವ್ ಕಿವಿಯ ಯಂತ್ರ ಕಳಚಿ ಜೇಬಿಗಿಳಿಸಿ
ತಣ್ಣನೆಯ ಕೊಳವೆಗೆ ಅಂಗೈಯೊತ್ತಿ ನಿಂತ,
ಹಸುವಿನ ಹೊಟ್ಟೆಯೊಳಗೆ ಕರು ಮಿಸುಕುವುದನ್ನು
ನೋಡುವವನ ಹಾಗೆ.

ಪಟ್ಟಿಯನ್ನು ಒಳಗಿಡಲು
ಇಬ್ಬರಿಗೂ ನೆನಪಾಗಲಿಲ್ಲ.