ಖಾಲಿ ಗಾಡಿಯ ತೂಕ

ಅಪ್ಪ ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಗುಮಾಸ್ತ.
ತುಂಬಿದ ಗಾಡಿ ಒಂದು ಸಲ, ಖಾಲಿ ಗಾಡಿ ಒಂದು ಸಲ,
ಅದರಲ್ಲಿ ಇದು ಕಳೆದು
ಚೀಟಿ ಹರಿದು ಕೊಡುತ್ತಿದ್ದ.
ಮೂವತ್ತೊಂದು ವರ್ಷ. ಒಂದು ಕಿಲೊ ಕದ್ದವನಲ್ಲ.

ಕದ್ದವಳು ನಾನು.
ಒಂಬತ್ತು ವರ್ಷ, ಸ್ಕೂಲು ಬಿಟ್ಟ ಹೊತ್ತು,
ಸಾಲುಗಟ್ಟಿದ ಗಾಡಿಗಳ ಹಿಂದೆ ಓಡಿ
ಒಂದು ಜಲ್ಲೆ ಹಿಡಿದು ಜಗ್ಗಿದೆ.
ಜಲ್ಲೆ ಬರಲಿಲ್ಲ. ನಾನು ಬಿಡಲಿಲ್ಲ.
ಗಾಡಿ ಒಂದಷ್ಟು ದೂರ ಎಳೆದೊಯ್ದು
ಮೋರಿ ಪಕ್ಕ ಒಗೆಯಿತು.
ನಾಟಿ ವೈದ್ಯ ಮೊಟ್ಟೆಯ ಲೋಳೆ ಹಚ್ಚಿ ಬಿದಿರ ದಬ್ಬೆ ಕಟ್ಟಿದ.
ಬಿಚ್ಚಿದಾಗ ಎಡ ಮೊಳಕೈ ಬೆರಳಗಲ ಸೊಟ್ಟ.
"ಮದ್ವೆಗೇನ್ ತೊಂದ್ರೆ ಇಲ್ಲ ಕಣೇಳು,
ರವಿಕೆ ತೋಳು ಉದ್ದ ಹೊಲಿಸಿದ್ರಾಯ್ತು" ಅಂದಳು ಅಜ್ಜಿ.

ಸ್ಟೇಡಿಯಮ್ಮಿನ ಹಿಂದೆ ತಗಡಿನ ಶೆಡ್ಡು.
ಕಲೀಂ ಸಾರ್ ಎಣ್ಣೆ ಡಬ್ಬಕ್ಕೆ ಸಿಮೆಂಟು ಸುರಿದು
ತೂಕ ಮಾಡಿಕೊಂಡಿದ್ದರು.
ಬಲಗಡೆ ಡಬ್ಬ ಅರ್ಧ ಕಿಲೊ ಜಾಸ್ತಿ.
ಎಲ್ಲರಿಗೂ ಗೊತ್ತಿತ್ತು, ಹಾಗೇ ಎತ್ತುತ್ತಿದ್ದೆವು.
"ತೋಳಲ್ಲಿ ಎತ್ಬೇಡ ಮಗಾ, ನೆಲ ಕೆಳಕ್ಕೆ ತಳ್ಳು."
ತಳ್ಳಿದೆ.
ಮಂಡ್ಯ ಕೆಳಕ್ಕೆ ಹೋಯಿತು. ಆಮೇಲೆ ಪಟಿಯಾಲ.

ತಾಷ್ಕೆಂಟು, ನಲವತ್ತೆಂಟು ಕಿಲೊ ವಿಭಾಗ.
ಬೆಳಿಗ್ಗೆ ನೂರಿಪ್ಪತ್ತು ಗ್ರಾಮು ಹೆಚ್ಚಿದ್ದೆ.
ಊರಿಂದ ಒಯ್ದ ಹುಣಸೆಹಣ್ಣು ದವಡೆಗೊತ್ತಿ
ಪ್ಲಾಸ್ಟಿಕ್ ಲೋಟಕ್ಕೆ ಉಗುಳಿದೆ, ಉಗುಳಿದೆ,
ಮೂಗುಬೊಟ್ಟು ಬಿಚ್ಚಿ ಸೋಪಿನ ಡಬ್ಬಿಗೆ ಹಾಕಿದೆ.
ಅಪ್ಪನ ಫೋನು. "ಎಷ್ಟ್ ತೂಗ್ದೆ?"
"ನಲ್ವತ್ತೇಳು ಮುಕ್ಕಾಲು ಚಿಲ್ರೆ."
"ಅದು ಖಾಲಿ ಗಾಡಿ. ತುಂಬಿದ್ದು ಸಂಜೆ ಹೇಳು."

ಧ್ವನಿವರ್ಧಕ ಕೂಗಿತು: ಓಂಬಾಲಾ.
ಹೊಂಬಾಳಮ್ಮ ಎದ್ದು ಹೋದಳು.
ಕೆಂಪು ಬಿಲ್ಲೆ, ಹಳದಿ ಬಿಲ್ಲೆ,
ತುದಿಗೆ ಬಿಸ್ಕತ್ತಿನಷ್ಟು ಒಂದು,
ಎರಡೂ ಕಡೆ. ನೂರಾ ಎರಡು.
ಎತ್ತಿದರೆ ಕಂಚು.

ಎತ್ತಿದೆ.
ನೆತ್ತಿಯ ಮೇಲೆ ಅದು ನಿಂತಿತು, ಅದರ ಕೆಳಗೆ ನಾನು,
ಇಬ್ಬರೂ ಅಲ್ಲಾಡಲಿಲ್ಲ.
ಒಂದು ದೀಪ ಬಿಳಿ.
ಎರಡು ಕೆಂಪು.

ಕೈ ನೆಟ್ಟಗಾಗದವರು ಮೊದಲೇ ತೀರ್ಪುಗಾರರಿಗೆ ತೋರಿಸಬೇಕಂತೆ.
ಹೇಳಬೇಕಾಗಿದ್ದ ನಮ್ಮ ಮ್ಯಾನೇಜರು
ಒಣದ್ರಾಕ್ಷಿ ಕೊಳ್ಳಲು ಬಜಾರಿಗೆ ಹೋಗಿದ್ದರು.
ಪಾಪ, ವಿಮಾನದಲ್ಲಿ ನನಗೂ ಒಂದು ಹಿಡಿ ಕೊಟ್ಟರು.
ಸಿಹಿಯಾಗೇ ಇತ್ತು.
ಅಪ್ಪ ರಾತ್ರಿಯವರೆಗೂ ಫೋನಿನ ಹತ್ತಿರವೇ ಕೂತಿದ್ದನಂತೆ.
ನಾನು ಮಾಡಲಿಲ್ಲ.

ಆಮೇಲೂ ಹೋದೆ, ಎರಡು ದೇಶ, ಮೂರು ದೇಶ.
ಒಂದು ಬೆಳ್ಳಿ ಬಂತು, ಒಂದು ಮಂಡಿ ಹೋಯಿತು.
ಮೈಸೂರಿನ ರೈಲ್ವೆ ಆಫೀಸಿನಲ್ಲಿ ಈಗ ಕುರ್ಚಿ, ಫೈಲು.
ನೀರಿನ ಕ್ಯಾನು ಮುಗಿದಾಗಲೆಲ್ಲ
"ಮೇಡಂ, ನೀವಿದ್ದೀರಲ್ಲ" ಎಂದು ನಗುತ್ತಾರೆ.
ಹಾಕಿಕೊಡುತ್ತೇನೆ. ಇಪ್ಪತ್ತು ಕಿಲೊ. ಬೆನ್ನು ನೆಟ್ಟಗೆ.

ಅಪ್ಪ ಹೋದಾಗ ಅಣ್ಣಂದಿರು, ಭಾವ, ಎದುರುಮನೆಯ ಹುಡುಗ,
ನಾಲ್ಕು ಹೆಗಲು.
"ಹೆಂಗಸ್ರು ಹಿಂದೆ ಇರಿ" ಎಂದರು.
ಎತ್ತಿ ಎತ್ತಿ ಬದುಕಿದವಳು ಬರಿಗೈ ಬೀಸಿಕೊಂಡು
ಮನೆ ಮುಂದಿನ ತಿರುವಿನ ತನಕ ನಡೆದೆ.

ಇವತ್ತು ಮಂಡ್ಯದಲ್ಲಿ ಜಿಲ್ಲಾ ಪಂದ್ಯ.
ನಾನು ತೀರ್ಪುಗಾರ್ತಿ, ಮುಂದೆ ಎರಡು ಗುಂಡಿ.
ಕೂರುವ ಮೊದಲು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ
"ತೋಳು ಚಾಚಿ" ಅಂದೆ.
ಕೆರಗೋಡಿನವಳೊಬ್ಬಳು ಕೈ ಬೆನ್ನ ಹಿಂದೆ ಇಟ್ಟುಕೊಂಡೇ ನಿಂತಳು.
"ಕಬ್ಬಿನ ಗಾಡಿಯಿಂದ ಬಿದ್ದೆಯಾ?"
"ಇಲ್ಲ ಮೇಡಂ, ಸ್ಕೂಟೀಲಿ."

ಬಲ ಮೊಳಕೈ, ಇಷ್ಟು ಸೊಟ್ಟ, ಹುಟ್ಟಿನದಲ್ಲ.
ಬರೆದು, ಸಹಿ ಹಾಕಿ, ಚೀಟಿ ಹರಿದು
ಉಳಿದಿಬ್ಬರು ತೀರ್ಪುಗಾರರಿಗೂ ಕೊಟ್ಟೆ.

ಖಾಲಿ ಗಾಡಿ ತೂಗಿಯಾಯಿತು.
ಹೋಗವ್ವ, ತುಂಬ್ಕೊಂಡು ಬಾ.