ನಲವತ್ತು ಪೌಂಡಿನ ಗಾಳಿ

ಮೂಟೆ ಬಿಚ್ಚಿದಾಗ ಮಿರ್ಚಿ ಅಂಗಡಿಯ ತಿಪ್ಪಮ್ಮ ಬಂದು
ಬೆರಳದ್ದಿ ನಾಲಗೆಗಿಟ್ಟು ನೋಡಿದಳು.
'ಅಯ್ಯ, ಇದು ಬಜ್ಜಿ ಸೋಡಾ ಅಲ್ಲೇನಪ!
ಇದ್ರಾಗ ಕಲ್ಲು ತೊಳಿತೀರೇನು?'
ಒಂದು ಬೊಗಸೆ ಸೆರಗಿಗೆ ಕಟ್ಟಿಕೊಂಡು ಹೋದಳು.

ತೊಳೆಯುವುದಲ್ಲ ತಿಪ್ಪಮ್ಮ, ಊದುವುದು.
ಕುರುಗೋಡಿನ ಈ ಬಾಗಿಲುವಾಡದ ಮೇಲೆ
ಹಸಿರು ಪೇಂಟು, ಅದರಡಿ ಹಳದಿ, ಅದರಡಿ
ಯಾವ ಯಾವ ಉಗಾದಿಯದೋ ಸುಣ್ಣ,
ಎಲ್ಲಕ್ಕೂ ಕೆಳಗೆ ದೀಪದ ಮಸಿ,
ಎಣ್ಣೆ ಕುಡಿದು ಕುಡಿದು ಗಟ್ಟಿಯಾದದ್ದು.
ಒಳಗಿರುವುದು ಬಳಪದ ಕಲ್ಲು,
ಉಗುರು ತಾಗಿದರೂ ಗೀರು ಬೀಳುವ ಜಾತಿ.

ಮೊದಲು ನಾನು ಬಳ್ಳಾರಿಯಲ್ಲಿ ಜೀನ್ಸಿಗೆ ಮರಳು ಹೊಡೆಯುತ್ತಿದ್ದವನು.
ಹೊಸ ಪ್ಯಾಂಟಿಗೆ ಮುಪ್ಪು ತರುವ ಕೆಲಸ:
ಯಾರೂ ಊರದ ಮಂಡಿಗೆ ಸವಕಲು,
ಯಾರೂ ಕೂರದ ಕುಂಡಿಗೆ ಬಿಳುಪು.
ದಿನಕ್ಕೆ ಇನ್ನೂರು ಪ್ಯಾಂಟು. ಹಗರಿಯ ಮರಳು,
ಮೂಗಿಗೊಂದು ಕರವಸ್ತ್ರ.
ಜೊತೆಗಿದ್ದ ಖಾಜಾಹುಸೇನನಿಗೆ ಎರಡನೇ ವರ್ಷ ಕೆಮ್ಮು.
ದೊಡ್ಡಾಸ್ಪತ್ರೆಯಲ್ಲಿ ಎದೆಯ ಫೋಟೋ ಬೆಳಕಿಗೆ ಹಿಡಿದು
ಡಾಕ್ಟರು ಬಹಳ ಹೊತ್ತು ಏನೂ ಹೇಳಲಿಲ್ಲ.
ಒಳಗೆ ಹೋದ ಮರಳು
ಮರಳಲಿಲ್ಲ.

ಸೋಡಾ ಹಾಗಲ್ಲ.
ಹೋಗಿ ತಾಗುತ್ತದೆ, ತಾಗಿದಲ್ಲೇ ತಾನೇ ಒಡೆಯುತ್ತದೆ,
ಒಡೆಯುವ ಆ ಚಿಟಿಕೆ ಸಿಟ್ಟಿಗೆ ಬಣ್ಣ ಏಳುತ್ತದೆ.
ಕಲ್ಲಿಗೆ ಗೊತ್ತೇ ಆಗುವುದಿಲ್ಲ.
ನಲವತ್ತು ಪೌಂಡು ದಾಟಬಾರದು. ಮೊಳ ದೂರ ನಿಲ್ಲಬೇಕು,
ನಳಿಗೆ ಓರೆ ಹಿಡಿಯಬೇಕು,
ಮಲಗಿದ ಕೂಸಿನ ಮುಖದ ನೊಣ ಊದುವ ಹಾಗೆ.

ಮೂರನೇ ದಿನ ಹಂಸಗಳು ಹೊರಬಂದವು.
ಸಾಲಾಗಿ, ಒಂದೊಂದೂ ಹೆಬ್ಬೆರಳಿನಷ್ಟು,
ಕೊಕ್ಕಿನಲ್ಲಿ ಬಳ್ಳಿಯ ತುದಿ.
ಹದಿನಾರು ಎಣಿಸಿದೆ. ಹದಿನೇಳನೆಯದಕ್ಕೆ
ಕೊಕ್ಕಿಲ್ಲ, ಕಣ್ಣಿಲ್ಲ.

ಇಂಜಿನಿಯರು ಟಾರ್ಚು ಬಿಟ್ಟು ನೋಡಿದರು, ಆಮೇಲೆ ನನ್ನ ಮುಖ ನೋಡಿದರು.
'ಗಾಳಿ ಎಷ್ಟಕ್ಕಿಟ್ಟಿದ್ದೆ?'
ಮೀಟರಿನ ಮುಳ್ಳು ತೋರಿಸಿದೆ. ನಂಬಲಿಲ್ಲ.
ಒದ್ದೆ ಅರಿವೆಯಲ್ಲಿ ಒರೆಸಿದೆ:
ಕೊಕ್ಕು ಇರಬೇಕಾದಲ್ಲಿ ಉಳಿ ಎಳೆದ ಎರಡು ಗೆರೆ,
ಕೂದಲಿನಷ್ಟು ಸಣ್ಣವು, ಹಾಗೇ ನಿಂತಿದ್ದವು.
ಕೆತ್ತಿದ್ದು ಹೋದದ್ದಲ್ಲ ಸಾರ್. ಕೆತ್ತಲೇ ಇಲ್ಲ.

ಯಾಕೆ ಅಂದರು. ನನ್ನ ಕೇಳಿದರೆ?
ಕೂಲಿ ಬರಲಿಲ್ಲವೋ, ಕೊಡುವವನೇ ಸತ್ತನೋ.
ನನಗಂತೂ ಅವನು ಉಳಿ ಕೆಳಗಿಟ್ಟು,
ಗೋಡೆಗೆ ಕೈಯೂರಿ,
ಖಾಜಾಹುಸೇನನಂತೆಯೇ ಬಗ್ಗಿ ಕೆಮ್ಮಿದ್ದು ಕೇಳಿಸಿತು.
ಕಲ್ಲಿನ ಪುಡಿಯೂ ಪುಡಿಯೇ.

ಸಂಜೆ ಹೊಸ್ತಿಲ ಮುಂದಿನ ಬಿಳಿ ಗುಡಿಸಿದೆ.
ಅಡಿಯ ಗರಿಕೆ ಕೆಂಪಾಗಿ ಸುಟ್ಟಿತ್ತು;
ಇದಕ್ಕೂ ಒಂದು ವಿಷವಿದೆ.
ಎರಡು ಕೊಡ ನೀರು ಸುರಿದೆ.
ತಿಪ್ಪಮ್ಮ ಕಾಗದದಲ್ಲಿ ಮಿರ್ಚಿ ತಂದಳು, ಚೆನ್ನಾಗಿ ಉಬ್ಬಿದ್ದವು.
'ನಿನ್ನ ಕಲ್ಲಿನ ಸೋಡಾನೇ ನೋಡಪ' ಅಂದಳು.
ಹದಿನೇಳನೆಯದರ ಎದುರು ಕೂತು ತಿಂದೆ,
ಬೆರಳಿನ ಎಣ್ಣೆ ಕಲ್ಲಿಗೆ ತಾಗದಂತೆ.